ಸ್ಮಿಯರ್ ತಗೊಂಡ್ರಿ ಸರಿ, ರಿಪೋರ್ಟ್ ಕೊಟ್ರಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಮಹಿಳಾ ದಿನಾಚರಣೆ ಹೊತ್ತಿಗೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಬಂದೇ ಬರುತ್ತೆ, ಇಂಥ ಊರಲ್ಲಿ ಉಚಿತ ಗರ್ಭಕಂಠ ಕ್ಯಾನ್ಸರ್ ತಪಾಸಣಾ ಶಿಬಿರ ನಡೀತು, ಇಷ್ಟು ಜನ ಮಹಿಳೆಯರಿಗೆ ಪ್ಯಾಪ್ ಸ್ಮಿಯರ್ ಮಾಡಲಾಯಿತು ಅಂತ. ಗರ್ಭಕಂಠ ಅಂದ್ರೆ ಗರ್ಭಕೋಶದ ಬಾಯಿ, ಅಲ್ಲಿಂದ ಸ್ವಲ್ಪ ಜೀವಕೋಶ ಸವರಿ ತೆಗೆದು ಗಾಜಿನ ಸ್ಲೈಡಿಗೆ ಹಚ್ಚಿ ನೋಡೋದೇ ಪ್ಯಾಪ್ ಸ್ಮಿಯರ್. ಶಿಬಿರ ಮಾಡೋರ ಮೇಲೆ ನನಗೆ ಗೌರವ ಇದೆ, ಒಬ್ಬ ಹೆಂಗಸನ್ನ ಆ ಟೇಬಲ್ ಮೇಲೆ ಮಲಗೋಕೆ ಒಪ್ಪಿಸೋದು ಎಷ್ಟು ಕಷ್ಟ ಅಂತ ಗೊತ್ತು. ಆದ್ರೆ ಅದಾಗಿ ಒಂದೆರಡು ತಿಂಗಳಿಗೆ ಇನ್ನೊಂದು ಸುದ್ದಿ ಬರಬೇಕಲ್ವಾ, ಎಷ್ಟು ಜನಕ್ಕೆ ರಿಪೋರ್ಟ್ ಕೈಗೆ ಸಿಕ್ತು, ಎಷ್ಟು ಜನರದ್ದು ಅಬ್‌ನಾರ್ಮಲ್ ಬಂತು, ಅವರಲ್ಲಿ ಎಷ್ಟು ಜನ ಮುಂದಿನ ಪರೀಕ್ಷೆಗೆ ಹೋದ್ರು ಅಂತ, ಅದನ್ನ ನಾನು ಯಾವ ಪೇಪರಲ್ಲೂ ಇವತ್ತಿನವರೆಗೆ ಓದಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಾನು ಪೆಥಾಲಜಿ ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿದ್ದೋಳು, ಈಗ ರಿಟೈರ್ ಆಗಿದೀನಿ. ಸ್ಮಿಯರ್ ಸ್ಲೈಡ್ ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಸಾಲು ಸಾಲಾಗಿ ನೋಡ್ತಾ ಹೋಗೋದು, ಅನುಮಾನ ಬಂದ ಕಡೆ ಪೆನ್ನಲ್ಲಿ ಚುಕ್ಕಿ ಇಡೋದು, ಆಮೇಲೆ ಆ ಚುಕ್ಕಿ ಇರೋ ಜಾಗನ ಡಾಕ್ಟರ್ ದೊಡ್ಡ ಲೆನ್ಸಲ್ಲಿ ನೋಡಿ ರಿಪೋರ್ಟ್ ಬರೆಯೋದು, ನನ್ನ ಕೆಲಸ ಇದೇ ಆಗಿತ್ತು. ಸರಿಯಾಗಿರೋ ಜೀವಕೋಶ ಅಗಲವಾಗಿ ತೆಳ್ಳಗೆ ತಿಳಿ ಗುಲಾಬಿ ಇಲ್ಲಾ ತಿಳಿ ನೀಲಿ ಬಣ್ಣದಲ್ಲಿ ಹರಡಿಕೊಂಡಿರುತ್ತೆ, ಮಧ್ಯದಲ್ಲಿ ಚಿಕ್ಕ ನ್ಯೂಕ್ಲಿಯಸ್ ಇರುತ್ತೆ. ಕೆಟ್ಟಿರೋ ಕೋಶದಲ್ಲಿ ಆ ನ್ಯೂಕ್ಲಿಯಸ್ ದೊಡ್ಡದಾಗಿ, ಕಪ್ಪಾಗಿ, ಅಂಚು ಸೊಟ್ಟ ಸೊಟ್ಟ ಆಗಿ ಕೋಶದ ಬಹುಪಾಲು ಜಾಗ ತಾನೇ ತಗೊಂಡಿರುತ್ತೆ. ಇಡೀ ಸ್ಲೈಡಲ್ಲಿ ಸಾವಿರಾರು ಕೋಶ ಇದ್ರೆ ಅಂಥದ್ದು ಕೆಲವೇ ಕೆಲವು ಇರಬಹುದು, ಹುಡುಕಬೇಕು. ಅಂಥದ್ದು ಸಿಕ್ಕಿದ ದಿನ ಮನಸ್ಸಿಗೆ ಬೇಜಾರು ಆಗೋದು ನಿಜ, ಆದ್ರೆ ಜೊತೆಗೇ ಸಮಾಧಾನನೂ ಇರೋದು, ಯಾಕಂದ್ರೆ ಈ ಹಂತದಲ್ಲಿ ಸಿಕ್ಕಿದ್ರೆ ಆ ಹೆಂಗಸಿಗೆ ಕ್ಯಾನ್ಸರ್ ಆಗೋದನ್ನೇ ತಡೀಬಹುದು.

ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ, ಅದಕ್ಕೆ ಬಿಡಿಸಿ ಹೇಳ್ತೀನಿ. ಗರ್ಭಕೋಶದ ಬಾಯಿ ಕ್ಯಾನ್ಸರ್ ಒಂದೇ ದಿನದಲ್ಲಿ ಬರೋದಲ್ಲ. ಎಚ್‌ಪಿವಿ ಅನ್ನೋ ವೈರಸ್ಸಿಂದ ಬರುತ್ತೆ, ಇದನ್ನ ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಕೊಟ್ರು. ಈ ವೈರಸ್ಸು ತುಂಬಾ ಸಾಮಾನ್ಯ, ಮದುವೆ ಆದ ಯಾವ ಹೆಂಗಸಿಗೆ ಬೇಕಾದ್ರೂ ಬಂದಿರಬಹುದು, ಅದ್ರಲ್ಲಿ ನಡತೆ ಕೆಟ್ಟದ್ದು ಒಳ್ಳೇದು ಅನ್ನೋ ಪ್ರಶ್ನೆನೇ ಇಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ಶರೀರ ತಾನೇ ಅದನ್ನ ಓಡಿಸಿಬಿಡುತ್ತೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ನಿಧಾನವಾಗಿ ಕೋಶಗಳನ್ನ ಬದಲಾಯಿಸುತ್ತೆ, ಆ ಬದಲಾವಣೆ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಹಿಡಿಯುತ್ತೆ, ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದೋರಿಗೆ ಬೇಗ. ಅಷ್ಟು ವರ್ಷ ನಮಗೆ ಟೈಮ್ ಇದೆ. ಅಷ್ಟು ಟೈಮ್ ಇದ್ದೂ ಗ್ಲೋಬೊಕ್ಯಾನ್ ಅನ್ನೋ ಅಂತರರಾಷ್ಟ್ರೀಯ ಕ್ಯಾನ್ಸರ್ ಲೆಕ್ಕದ 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದೇ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ಕೇಸು, ಹತ್ತಿರ ಹತ್ತಿರ 80 ಸಾವಿರ ಸಾವು. ಬರೆಯೋವಾಗಲೂ ಕೈ ನಡುಗುತ್ತೆ.

ಈಗ ಶಿಬಿರದ ಸ್ಲೈಡುಗಳ ವಿಷಯಕ್ಕೆ ಬರ್ತೀನಿ. ಯಾವ ಸಂಸ್ಥೆ ಅಂತ ಹೆಸರು ಹೇಳಲ್ಲ, ಒಂದು ಕಡೆ ಅಂತಲೂ ಅಲ್ಲ. ಪೆಟ್ಟಿಗೆ ತುಂಬ ಸ್ಲೈಡು ಬರೋದು. ಸ್ಲೈಡ್ ಮೇಲೆ ಪೆನ್ಸಿಲ್‌ನಲ್ಲಿ ಲಕ್ಷ್ಮಮ್ಮ ಅಂತ ಬರೆದಿರೋದು, ಅಷ್ಟೇ. ಒಂದೇ ಪೆಟ್ಟಿಗೇಲಿ ಇನ್ನೊಬ್ಬ ಲಕ್ಷ್ಮಮ್ಮ, ಮತ್ತೊಬ್ಬ ಲಕ್ಷ್ಮಮ್ಮ. ವಯಸ್ಸಿಲ್ಲ, ಗಂಡನ ಹೆಸರಿಲ್ಲ, ಊರಿಲ್ಲ. ಜೊತೆಗೆ ಬರೋ ಲಿಸ್ಟಲ್ಲಿ ಫೋನ್ ನಂಬರ್ ಇದ್ರೂ ಅದು ಮಗಂದೋ ಅಳಿಯಂದೋ ಆಗಿರುತ್ತೆ, ಮಾಡಿದ್ರೆ ಸ್ವಿಚ್ ಆಫ್, ಇಲ್ಲಾಂದ್ರೆ ಆ ಹುಡುಗ ಬೆಂಗಳೂರಲ್ಲಿ ಕೆಲಸದಲ್ಲಿ, ಅವನಿಗೆ ಅಮ್ಮನ ಈ ಪರೀಕ್ಷೆ ವಿಷಯ ಫೋನಲ್ಲಿ ಹೇಳೋದು ಹೆಂಗೆ, ಹೇಳಬಹುದಾ, ಅವಳಿಗೆ ಅದು ಇಷ್ಟನಾ?

ಇನ್ನು ಸ್ಲೈಡೇ ಸರಿ ಇರಲ್ಲ. ಸ್ಮಿಯರ್ ತೆಗೆದ ಕೂಡಲೇ, ಅಂದ್ರೆ ಸೆಕೆಂಡುಗಳ ಒಳಗೆ, 95 ಪರ್ಸೆಂಟ್ ಆಲ್ಕೋಹಾಲಲ್ಲಿ ಮುಳುಗಿಸಬೇಕು ಇಲ್ಲಾ ಕೋಶ ಕೆಡದ ಹಾಗೆ ಹಿಡಿದಿಡೋ ಫಿಕ್ಸೇಟಿವ್ ಸ್ಪ್ರೇ ಹೊಡೀಬೇಕು. ಶಿಬಿರದಲ್ಲಿ ನೂಕುನುಗ್ಗಲು, ಫ್ಯಾನು ತಿರುಗ್ತಾ ಇರುತ್ತೆ, ಸ್ಲೈಡು ಒಣಗಿ ಹೋಗುತ್ತೆ. ಒಣಗಿದ ಕೋಶ ಉಬ್ಬಿಕೊಂಡು ಮಸುಕಾಗಿ ಕಾಣುತ್ತೆ, ಒಳ್ಳೇದೋ ಕೆಟ್ಟದ್ದೋ ಹೇಳೋಕಾಗಲ್ಲ. ಇಲ್ಲಾಂದ್ರೆ ಬರೀ ರಕ್ತ, ಇಲ್ಲಾಂದ್ರೆ ಕೋಶನೇ ಸಾಲದು. ಅಂಥದಕ್ಕೆ ಡಾಕ್ಟರ್ ಅನ್‌ಸ್ಯಾಟಿಸ್‌ಫ್ಯಾಕ್ಟರಿ ಅಂತ ಬರೀತಾರೆ, ಅದರ ಅರ್ಥ ಮತ್ತೆ ಸ್ಮಿಯರ್ ತೆಗೀಬೇಕು ಅಂತ, ಏನೂ ಇಲ್ಲ ಅಂತ ಅಲ್ಲ. ಆದ್ರೆ ಶಿಬಿರದ ಲೆಕ್ಕ ಬರೆಯೋವಾಗ ಕ್ಯಾನ್ಸರ್ ಇಲ್ಲದೋರ ಕಾಲಂಗೆ ಅದೂ ಸೇರಿಹೋಗಿದ್ದನ್ನ ನಾನು ನೋಡಿದೀನಿ. ಆ ಹೆಂಗಸು ನಂದು ಚೆಕ್ ಆಗಿದೆ, ಏನೂ ಇಲ್ಲ ಅಂತ ನಂಬಿಕೊಂಡು ಕೂತಿರ್ತಾಳೆ. ಪರೀಕ್ಷೆನೇ ಮಾಡಿಸದೋಳಿಗೆ ಆಮೇಲೆ ರಕ್ತ ಹೋಗೋಕೆ ಶುರುವಾದ್ರೆ ಡಾಕ್ಟರ್ ಹತ್ರ ಹೋಗ್ಬೇಕು ಅನ್ನಿಸಬಹುದು, ಇವಳಿಗೆ ಆ ಭಯನೂ ಇರಲ್ಲ.

ಪ್ಯಾಪ್ ಸ್ಮಿಯರ್ ಪ್ರಯೋಜನ ಇಲ್ಲ ಅಂತ ದಯವಿಟ್ಟು ಯಾರೂ ತಿಳ್ಕೋಬೇಡಿ. ಗ್ರೀಸಿಂದ ಅಮೆರಿಕಕ್ಕೆ ಹೋದ ಪಾಪಾನಿಕೊಲಾವ್ ಅನ್ನೋ ಡಾಕ್ಟರು ಕಂಡುಹಿಡಿದ ಪರೀಕ್ಷೆ ಇದು, ಅವರ ಹೆಂಡತಿ ಆಂಡ್ರೊಮಾಕಿ ತಾವೇ ವರ್ಷಗಟ್ಟಲೆ ಸ್ಮಿಯರ್ ಕೊಟ್ಟು ಆ ಸಂಶೋಧನೆಗೆ ಆಧಾರ ಆದ್ರು, 1940ರ ದಶಕದಿಂದ ಎಷ್ಟು ಹೆಣ್ಮಕ್ಕಳ ಜೀವ ಉಳಿಸಿದೆಯೋ. ಆದ್ರೆ ಎಲ್ಲಿ ಉಳಿಸ್ತು ಅಂತ ನೋಡಿ. ಇಂಗ್ಲೆಂಡಲ್ಲಿ 1960ರ ದಶಕದಿಂದಲೇ ಸ್ಮಿಯರ್ ಮಾಡ್ತಾ ಇದ್ರು, ಯಾರು ಬಂದ್ರೆ ಅವರಿಗೆ, ಹೆಚ್ಚು ಅಪಾಯ ಇದ್ದ ಹೆಂಗಸರು ಬರ್ತಾನೇ ಇರಲಿಲ್ಲ, ಅಬ್‌ನಾರ್ಮಲ್ ಬಂದೋರನ್ನ ಹಿಂಬಾಲಿಸಿ ಹೋಗೋರು ಇರಲಿಲ್ಲ, ಹಾಗಾಗಿ ಅಂದುಕೊಂಡಷ್ಟು ಸಾವು ಕಮ್ಮಿ ಆಗಲಿಲ್ಲ. 1988ರಲ್ಲಿ ಕಂಪ್ಯೂಟರಲ್ಲಿ ಎಲ್ಲ ಹೆಂಗಸರ ಪಟ್ಟಿ ಮಾಡಿ, ಪ್ರತಿಯೊಬ್ಬರಿಗೂ ಕಾಗದ ಬರೆದು ಕರೆಸಿ, ರಿಪೋರ್ಟ್ ಕಳಿಸಿ, ಕೆಲವು ವರ್ಷ ಬಿಟ್ಟು ಮತ್ತೆ ಕರೆಸೋ ವ್ಯವಸ್ಥೆ ತಂದ್ರು, ಆಮೇಲೆ ಸಾವು ಇಳೀತಾ ಬಂತು. ಸ್ಲೈಡು ಅದೇ, ಬಣ್ಣ ಅದೇ, ಮೈಕ್ರೋಸ್ಕೋಪು ಅದೇ. ಪಟ್ಟಿ ಮತ್ತೆ ಕಾಗದ ಮಾತ್ರ ಹೊಸದು.

ನಮ್ಮ ಕಡೆದೇ ಇನ್ನೊಂದು ಇದೆ. ನಮ್ಮ ಆಳಂದ, ಬಸವಕಲ್ಯಾಣದ ಗಡಿ ದಾಟಿದ್ರೆ ಸಿಗೋ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗ ಧಾರಾಶಿವ್ ಅಂತಾರೆ, ಅಲ್ಲಿ 1.3 ಲಕ್ಷ ಹೆಂಗಸರನ್ನ ನಾಲ್ಕು ಗುಂಪು ಮಾಡಿ ಒಂದು ದೊಡ್ಡ ಅಧ್ಯಯನ ನಡೀತು, 2009ರಲ್ಲಿ ಫಲಿತಾಂಶ ಬಂತು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಲ್ಲಿ ತಪಾಸಣೆ ಮಾಡದ ಗುಂಪಿಗಿಂತ ಮುಂದುವರಿದ ಹಂತದ ಕ್ಯಾನ್ಸರೂ ಸಾವೂ ಸುಮಾರು ಅರ್ಧ ಕಮ್ಮಿ ಆಯ್ತು. ಒಂದೇ ಸಲ ಪ್ಯಾಪ್ ಮಾಡಿದ ಗುಂಪಲ್ಲಿ ಸಾವಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ. ನಾನು ಜೀವನ ಪೂರ್ತಿ ಮಾಡಿದ ಕೆಲಸದ ಬಗ್ಗೆ ಇದನ್ನ ಬರೀಬೇಕಾದ್ರೆ ಕಷ್ಟ ಆಗುತ್ತೆ, ಆದ್ರೆ ಸತ್ಯ ಅದು. ಒಂದು ಸ್ಮಿಯರ್ ಎಷ್ಟೋ ಕೇಸನ್ನ ಹಿಡಿಯದೇ ಬಿಡಬಹುದು, ಅದಕ್ಕೇ ಮೂರು ವರ್ಷಕ್ಕೊಮ್ಮೆ ಅಂತ ಮತ್ತೆ ಮತ್ತೆ ಮಾಡಬೇಕು, ಒಂದು ಸಲ ತಪ್ಪಿದ್ದು ಇನ್ನೊಂದು ಸಲ ಸಿಗುತ್ತೆ. ಒಂದು ಶಿಬಿರ ಮಾಡಿ ಮುಂದಿನ ವರ್ಷ ಬೇರೆ ಊರಿಗೆ ಹೋದ್ರೆ ಈ ಪರೀಕ್ಷೆಯ ಅರ್ಧ ಶಕ್ತಿ ಅಲ್ಲೇ ಹೋಯ್ತು.

ಹಾಗಾದ್ರೆ ಹಳ್ಳಿಯಲ್ಲಿ ಏನು ಮಾಡೋದು ಅಂದ್ರೆ, 2016ರ ಕೇಂದ್ರದ ಮಾರ್ಗಸೂಚಿ ಹೇಳೋದು ವಿಐಎ ಪರೀಕ್ಷೆ, 30ರಿಂದ 65 ವಯಸ್ಸಿನೋರಿಗೆ ಐದು ವರ್ಷಕ್ಕೊಮ್ಮೆ. ಗರ್ಭಕೋಶದ ಬಾಯಿಗೆ ಅಸಿಟಿಕ್ ಆಸಿಡ್ ದ್ರಾವಣ ಹಚ್ಚಿ ಒಂದು ನಿಮಿಷ ಕಾದು ನೋಡೋದು, ಬೆಳ್ಳಗೆ ತಿರುಗಿದ ಜಾಗ ಇದ್ರೆ ಅನುಮಾನ. ತರಬೇತಿ ಆದ ಸ್ಟಾಫ್ ನರ್ಸೇ ಮಾಡಬಹುದು, ರಿಸಲ್ಟು ಅಲ್ಲೇ ಗೊತ್ತಾಗುತ್ತೆ, ಹೆಂಗಸು ಟೇಬಲ್ಲಿಂದ ಇಳಿಯೋ ಮುಂಚೆ ಹೇಳಿಬಿಡಬಹುದು, ಕಳೆದುಹೋಗೋಕೆ ಸ್ಲೈಡೇ ಇಲ್ಲ. ಅದಕ್ಕೂ ಇತಿಮಿತಿ ಇದೆ, ಮುಟ್ಟು ನಿಂತೋರಲ್ಲಿ ಸರಿಯಾಗಿ ಗೊತ್ತಾಗಲ್ಲ. ಆದ್ರೂ ರಿಪೋರ್ಟ್ ತಲುಪಿಸೋಕಾಗದ ಕಡೆ ಸ್ಲೈಡು ತಗೊಂಡು ಹೋಗೋದಕ್ಕಿಂತ ಇದು ಮೇಲು ಅನ್ನೋದು ನನ್ನ ಅಭಿಪ್ರಾಯ. ಎಚ್‌ಪಿವಿ ಪರೀಕ್ಷೆ ಬಂದ್ರೆ ಇನ್ನೂ ಒಳ್ಳೇದು, ಅದಕ್ಕೆ ಹೆಂಗಸರು ತಾವೇ ಸ್ಯಾಂಪಲ್ ತಗೊಂಡು ಕೊಡಬಹುದು, ನಾಚಿಕೆಗೆ ಹಿಂಜರಿಯೋರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆದ್ರೆ ಆ ರಿಪೋರ್ಟೂ ಲ್ಯಾಬಿಂದ ಅವಳ ಕೈಗೆ ಹೋಗಬೇಕು, ಮತ್ತೆ ಅದೇ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 5ರ ಪ್ರಕಾರ 30ರಿಂದ 49 ವಯಸ್ಸಿನೋರಲ್ಲಿ ಒಮ್ಮೆಯಾದ್ರೂ ಈ ತಪಾಸಣೆ ಮಾಡಿಸಿದೋರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ, ನಮ್ಮ ರಾಜ್ಯ ಅದಕ್ಕಿಂತಲೂ ಕೆಳಗಿತ್ತು, ಪಕ್ಕದ ತಮಿಳುನಾಡಲ್ಲಿ ನೂರಕ್ಕೆ ಹತ್ತಿರ ಹತ್ತಿರ ಹತ್ತು.

ಇನ್ನೊಂದು ವಿಷಯ ಹೇಳಲೇಬೇಕು, ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸೋದು. ರಿಪೋರ್ಟ್ ಸಿಕ್ಕಿದ್ರೂ ಅದನ್ನ ಓದಿ ಹೇಳೋರಿಲ್ಲ. ರಿಪೋರ್ಟಲ್ಲಿ ಇನ್‌ಫ್ಲಮೇಟರಿ ಸ್ಮಿಯರ್ ಅಂತ ಇರುತ್ತೆ, ಅದು ಬರೀ ಉರಿಯೂತ, ಸೋಂಕಿಂದ ಬಂದಿರಬಹುದು, ಬಿಳಿ ಮುಟ್ಟು ಹೋಗೋರಲ್ಲಿ ಸಾಮಾನ್ಯ, ಬೇಕಾದ್ರೆ ಔಷಧಿ ತಗೊಂಡ್ರೆ ಆಯ್ತು. ಎಲ್‌ಎಸ್‌ಐಎಲ್ ಅಂತ ಇದ್ರೆ ಸಣ್ಣ ಬದಲಾವಣೆ, ಬಹಳ ಜನರಲ್ಲಿ ತಾನೇ ಸರಿಹೋಗುತ್ತೆ, ಆದ್ರೆ ಡಾಕ್ಟರ್ ಕಣ್ಣಲ್ಲಿ ಇರಬೇಕು. ಎಚ್‌ಎಸ್‌ಐಎಲ್ ಅಂತ ಇದ್ರೆ ತಡ ಮಾಡಬಾರದು, ಕಾಲ್ಪೋಸ್ಕೋಪಿ ಮಾಡಿ, ಅಂದ್ರೆ ಗರ್ಭಕೋಶದ ಬಾಯಿಯನ್ನ ದೊಡ್ಡದಾಗಿ ತೋರಿಸೋ ಲೆನ್ಸಲ್ಲಿ ನೋಡಿ, ಅಗತ್ಯ ಇದ್ರೆ ಬಯಾಪ್ಸಿ ತೆಗೆದು, ಆ ಕೆಟ್ಟ ಭಾಗನ ಮಾತ್ರ ಲೀಪ್ ಮಾಡಿ, ಅಂದ್ರೆ ಕರೆಂಟಿನ ತಂತಿ ಸುರುಳಿಯಿಂದ ತೆಗೀತಾರೆ, ಚಿಕ್ಕದಾಗಿದ್ರೆ ಶೀತಕೊಟ್ಟು ಇಲ್ಲಾ ಬಿಸಿಕೊಟ್ಟು ಸಾಯಿಸ್ತಾರೆ, ಹೆಚ್ಚಿನವರು ಅವತ್ತೇ ಮನೆಗೆ ಹೋಗಬಹುದು, ಗರ್ಭಕೋಶ ಹಾಗೇ ಇರುತ್ತೆ. ಇವು ಯಾವುದೂ ಕ್ಯಾನ್ಸರ್ ಅಲ್ಲ. ಅಷ್ಟಾದ್ರೂ ಅಬ್‌ನಾರ್ಮಲ್ ಅನ್ನೋ ಒಂದು ಮಾತು ಕೇಳಿ ಗಾಬರಿ ಆಗಿ, ಸಾಲ ಮಾಡಿ, ಗರ್ಭಕೋಶನೇ ತೆಗೆಸಿಕೊಂಡು ಬಂದೋರನ್ನ ನಮ್ಮ ಊರ ಕಡೆ ನೋಡಿದೀನಿ, ಮೂವತ್ತು ಮೂವತ್ತೆರಡರ ಹೆಣ್ಮಕ್ಕಳು. ಕಲಬುರಗಿ ಕಡೆ ತಾಂಡಾಗಳ ಲಂಬಾಣಿ ಹೆಣ್ಮಕ್ಕಳಿಗೆ ಕ್ಯಾನ್ಸರ್ ಹೆದರಿಕೆ ಹುಟ್ಟಿಸಿ ಆಪರೇಶನ್ ಮಾಡಿದಾರೆ ಅನ್ನೋ ಆರೋಪ ನಿಮ್ಮ ಪೇಪರುಗಳಲ್ಲೇ ಬಂದಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯೋದನ್ನ ತಡೆಯೋ ಮಾರ್ಗಸೂಚಿ ಜಾರಿಗೆ ತನ್ನಿ ಅಂತ 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಿದೆ. ಹೀಗಾಗಿ ರಿಪೋರ್ಟ್ ತಲುಪಿಸೋದು ಅಂದ್ರೆ ಕಾಗದ ಕೊಡೋದು ಮಾತ್ರ ಅಲ್ಲ, ಕೂರಿಸಿಕೊಂಡು ಇದರ ಅರ್ಥ ಇಷ್ಟು, ಹೆದರಬೇಡಮ್ಮ, ಮುಂದೆ ಇಂಥ ಕಡೆ ಇಂಥ ದಿನ ಹೋಗು ಅಂತ ಹೇಳೋದು.

ಇದು ಬಡ ದೇಶದ ಸಮಸ್ಯೆ ಅಂತ ಮಾತ್ರ ಅಂದ್ಕೋಬೇಡಿ. ಐರ್ಲೆಂಡಲ್ಲಿ ವಿಕಿ ಫೆಲಾನ್ ಅನ್ನೋ ತಾಯಿಗೆ 2011ರ ಸ್ಮಿಯರ್ ನಾರ್ಮಲ್ ಅಂತ ರಿಪೋರ್ಟ್ ಕೊಟ್ಟಿದ್ರು, 2014ರಲ್ಲಿ ಕ್ಯಾನ್ಸರ್ ಅಂತ ಗೊತ್ತಾಯ್ತು, ಹಳೇ ಸ್ಲೈಡ್ ಮತ್ತೆ ನೋಡಿದಾಗ ತಪ್ಪಾಗಿದ್ದು ಗೊತ್ತಿದ್ರೂ ಅವರಿಗೆ ಹೇಳಿದ್ದು 2017ರಲ್ಲಿ. ಪರಿಹಾರದ ಕೇಸಲ್ಲಿ ಬಾಯಿ ಮುಚ್ಚಿಕೊಂಡಿರೋ ಒಪ್ಪಂದಕ್ಕೆ ಆಕೆ ಸಹಿ ಹಾಕಲಿಲ್ಲ, ಹಾಗಾಗಿ ಹಳೇ ಸ್ಮಿಯರ್ ಮತ್ತೆ ನೋಡಿದಾಗ ಬೇರೆ ರಿಸಲ್ಟು ಕಂಡ ಇನ್ನೂರಕ್ಕೂ ಹೆಚ್ಚು ಹೆಂಗಸರ ವಿಷಯ ಹೊರಗೆ ಬಂತು. 2022ರಲ್ಲಿ ಆಕೆ ತೀರಿಹೋದ್ರು. ನನ್ನ ದೇಹದಿಂದ ತಗೊಂಡಿದ್ರ ರಿಪೋರ್ಟು ನನ್ನದು ಅಂತ ಗಟ್ಟಿಯಾಗಿ ನಿಂತ ಹೆಂಗಸು, ನನಗೆ ಆಕೆ ಮೇಲೆ ಬಹಳ ಗೌರವ.

ನಮ್ಮಲ್ಲಿ ಇದನ್ನ ಮಾಡೋಕೆ ಆಗಲ್ವಾ ಅಂದ್ರೆ ಖಂಡಿತ ಆಗುತ್ತೆ. ಒಬ್ಬ ಬಸುರಿ ಹೆಂಗಸಿಗೆ ತಾಯಿ ಕಾರ್ಡ್ ಇದೆ, ಯಾವ ತಿಂಗಳು, ಯಾವ ಇಂಜೆಕ್ಷನ್, ರಕ್ತ ಎಷ್ಟು, ಹೆರಿಗೆ ಯಾವಾಗ ಎಲ್ಲ ಅದ್ರಲ್ಲಿ ಇದೆ, ಆ ಊರಿನ ಆಶಾ ಕಾರ್ಯಕರ್ತೆಗೆ ಎಲ್ಲರ ಹೆಸರೂ ಬಾಯಿಪಾಠ. ಅದೇ ಆಶಾಗೆ ಮೂವತ್ತು ದಾಟಿದ ಹೆಂಗಸರ ಪಟ್ಟಿಯನ್ನೂ ಕೊಡಿ, ಆದ್ರೆ ಅದಕ್ಕೆ ತಕ್ಕ ಗೌರವಧನನೂ ಕೊಡಿ, ಬರೀ ಕೆಲಸ ಹೊರಿಸಬೇಡಿ, ಈಗಲೇ ಅವರ ತಲೆ ಮೇಲೆ ಇರೋದು ಸಾಕಾಗಿದೆ. ಗರ್ಭಕೋಶದ ತಪಾಸಣೆಗೂ ಒಂದು ಕಾರ್ಡ್ ಬರಲಿ, ಯಾವಾಗ ಮಾಡಿದ್ದು, ಏನು ಬಂತು, ಮತ್ತೆ ಯಾವಾಗ ಬರಬೇಕು ಅಂತ ಕನ್ನಡದಲ್ಲಿ ಬರೆದು ಅವಳ ಕೈಲೇ ಇರಲಿ. ಶಿಬಿರ ಮಾಡೋ ಸಂಘ ಸಂಸ್ಥೆಗಳಿಗೆ ಅನುಮತಿ ಕೊಡೋವಾಗಲೇ ಜಿಲ್ಲಾ ಆರೋಗ್ಯಾಧಿಕಾರಿಗಳು ಕೇಳಲಿ, ಸ್ಲೈಡು ಯಾವ ಲ್ಯಾಬಿಗೆ ಹೋಗುತ್ತೆ, ರಿಪೋರ್ಟ್ ಎಷ್ಟು ದಿನಕ್ಕೆ ಬರುತ್ತೆ, ಮನೆಗೆ ಯಾರು ತಲುಪಿಸ್ತಾರೆ, ಅಬ್‌ನಾರ್ಮಲ್ ಬಂದೋರಿಗೆ ಕಾಲ್ಪೋಸ್ಕೋಪಿ ಎಲ್ಲಿ, ಬಸ್ ಚಾರ್ಜು ಯಾರದ್ದು. ಉತ್ತರ ಇಲ್ಲದೋರು ಸ್ಮಿಯರ್ ತೆಗೆಯೋದೇ ಬೇಡ, ಬಿಪಿ ಶುಗರ್ ನೋಡಲಿ, ಅದೂ ಒಳ್ಳೆ ಕೆಲಸನೇ.

ಓದುಗ ಹೆಣ್ಮಕ್ಕಳಿಗೂ ಒಂದು ಮಾತು. ಸ್ಮಿಯರ್ ಕೊಡೋಕೆ ಹೋಗೋವಾಗ ಮುಟ್ಟಿನ ದಿನ ಬೇಡ, ಹಿಂದಿನ ಎರಡು ದಿನ ಗಂಡನ ಜೊತೆ ಸೇರೋದು, ಒಳಗೆ ಇಡೋ ಮಾತ್ರೆ, ಕ್ರೀಮು ಬೇಡ. ಕೆಲವೇ ನಿಮಿಷದ ಕೆಲಸ, ಸ್ವಲ್ಪ ಮುಜುಗರ ಆಗುತ್ತೆ, ನೋವು ಹೆಚ್ಚಿನವರಿಗೆ ಅಷ್ಟಿರಲ್ಲ. ಪೂರ್ತಿ ಹೆಸರು, ವಯಸ್ಸು, ನಿಮ್ಮದೇ ಫೋನ್ ನಂಬರ್ ಬರೆಸಿ, ಸ್ಲೈಡ್ ನಂಬರ್ ಒಂದು ಚೀಟೀಲಿ ಬರೆಸಿಕೊಂಡು ಬನ್ನಿ. ರಿಪೋರ್ಟ್ ಬರದಿದ್ರೆ ಎಲ್ಲಾ ಸರಿ ಇದೆ ಅಂತ ಅಲ್ಲ, ಹೋಗಿ ಕೇಳಿ. ಮುಟ್ಟು ನಿಂತ ಮೇಲೆ ರಕ್ತ ಕಂಡ್ರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡ್ರೆ ಯಾವ ಶಿಬಿರಕ್ಕೂ ಕಾಯಬೇಡಿ, ಹಿಂದಿನ ರಿಪೋರ್ಟ್ ನಾರ್ಮಲ್ ಇದ್ರೂ ಸರಿ, ನೇರ ಡಾಕ್ಟರ್ ಹತ್ರ ಹೋಗಿ.

ಸಂಪಾದಕರೇ, ನಿಮ್ಮ ವರದಿಗಾರರಿಗೆ ದಯವಿಟ್ಟು ಹೇಳಿ, ಮುಂದಿನ ಸಲ ಶಿಬಿರದ ಸುದ್ದಿಗೆ ಹೋದಾಗ ಡೈರಿಯಲ್ಲಿ ಒಂದು ತಾರೀಕು ಗುರುತು ಹಾಕಿಕೊಂಡು, ಎರಡು ತಿಂಗಳು ಬಿಟ್ಟು ಅದೇ ಊರಿಗೆ ಹೋಗಿ ಆ ಹೆಂಗಸರನ್ನ ಮಾತಾಡಿಸಲಿ. ರಿಪೋರ್ಟ್ ಸಿಕ್ತಾ ಅಮ್ಮ ಅಂತ ಕೇಳಲಿ. ಸಿಕ್ಕಿದ್ರೆ ಆ ಸಂಸ್ಥೆ ಹೆಸರು ದೊಡ್ಡದಾಗಿ ಹಾಕಿ, ಸಿಗದಿದ್ರೆ ಅದನ್ನೂ ಅಷ್ಟೇ ದೊಡ್ಡದಾಗಿ ಹಾಕಿ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ದಾವಣಗೆರೆ