ವಾಂಗೆಚಿ ಮುಟು ಬಗ್ಗೆ ಮಗಳಿಗೊಂದು ಪತ್ರ

ಪುಟ್ಟಿ,

ನೀನು ಕಳಿಸಿದ ಚಿತ್ರ ನೋಡಿದೆ. "ಅಮ್ಮಾ, ಇದು ಚೆನ್ನಾಗಿದೆಯೋ, ಭಯ ಆಗುತ್ತೋ ಗೊತ್ತಾಗ್ತಿಲ್ಲ" ಅಂತ ಕೇಳಿದ್ದೆ. ಎರಡೂ ಹೌದು ಕಣೇ. ಹಾಗೆ ಅನಿಸಲಿ ಅಂತಲೇ ಕಲಾವಿದೆ ವಾಂಗೆಚಿ ಮುಟು ಅದನ್ನು ಮಾಡಿದ್ದಾರೆ ಅನ್ನೋದು ನನ್ನ ನಂಬಿಕೆ.

ಅವರು ಹುಟ್ಟಿದ್ದು 1972ರಲ್ಲಿ, ಕೆನ್ಯಾದ ನೈರೋಬಿಯಲ್ಲಿ. ಕಲೆ ಕಲಿತದ್ದು ಅಮೆರಿಕದಲ್ಲಿ. ಫ್ಯಾಷನ್ ಪತ್ರಿಕೆ, ಬೈಕ್ ಪತ್ರಿಕೆ, ದೂರದೇಶದ ಜನರನ್ನು ವಿಚಿತ್ರ ವಸ್ತುವಿನ ಹಾಗೆ ತೋರಿಸುವ ಪತ್ರಿಕೆ, ಕೊನೆಗೆ ಅಶ್ಲೀಲ ಪತ್ರಿಕೆಗಳನ್ನೂ ಕತ್ತರಿಸಿ, ಒಂದರಿಂದ ತುಟಿ, ಇನ್ನೊಂದರಿಂದ ಕಣ್ಣು, ಮತ್ತೊಂದರಿಂದ ಯಂತ್ರದ ತುಂಡು ತೆಗೆದು ಒಬ್ಬಳು ಹೆಂಗಸನ್ನು ಕಟ್ಟುತ್ತಾರೆ. ಹೀಗೆ ಚೂರುಗಳನ್ನು ಅಂಟಿಸಿ ಮಾಡುವ ಚಿತ್ರಕ್ಕೆ ಕೊಲಾಜ್ ಅಂತಾರೆ. ಎಷ್ಟೋ ಸಲ ಅಂಟಿಸುವುದು ಮೈಲಾರ್ ಎಂಬ ಪ್ಲಾಸ್ಟಿಕ್ ಹಾಳೆಯ ಮೇಲೆ. ಅದು ಕಾಗದದಂತೆ ಬಣ್ಣ ಹೀರುವುದಿಲ್ಲ. ಶಾಯಿ ಮೇಲೆಯೇ ನಿಂತು, ಹರಡಿ, ಮಚ್ಚೆ ಮಚ್ಚೆಯಾಗಿ ಒಣಗುತ್ತದೆ. ನೀನು ಕಳಿಸಿದ ಚಿತ್ರದ ಆ ಹಾವಿನ ಪೊರೆಯಂಥ ಚರ್ಮ ಬಂದದ್ದು ಹಾಗೆ.

ಒಂದು ಸರಣಿಯಲ್ಲಂತೂ ಗರ್ಭಕೋಶದ ಗಡ್ಡೆಗಳನ್ನು ತೋರಿಸುವ ಹಳೇ ವೈದ್ಯಕೀಯ ಚಿತ್ರಗಳ ಮೇಲೆಯೇ ಮುಖಗಳನ್ನು ಕಟ್ಟಿದ್ದಾರೆ. ಯೋಚಿಸು. ಕಪ್ಪು ಹೆಂಗಸಿನ ದೇಹವನ್ನು ಎಷ್ಟು ಕಾಲ ಬೇರೆಯವರೇ ಅಳೆದರು, ಫೋಟೋ ತೆಗೆದರು, ಮಾರಿದರು. ಮುಟು ಅದೇ ಚಿತ್ರಗಳಿಗೆ ಕತ್ತರಿ ಹಾಕುತ್ತಾರೆ. ಹುಟ್ಟುವವಳು ಯಾರ ಪಟ್ಟಿಗೂ ಸೇರುವುದಿಲ್ಲ. ನಿನಗೆ ಕ್ರೂರವಾಗಿ ಕಂಡಿತು, ಸರಿ. ಆದರೆ ಕ್ರೌರ್ಯ ಆ ಮೂಲ ಚಿತ್ರಗಳಲ್ಲೇ ಇತ್ತು ಅಲ್ವಾ? ಅಲ್ಲಿ ನುಣುಪಾಗಿ ಮುಚ್ಚಿಟ್ಟಿದ್ದರು, ಅಷ್ಟೇ.

ಮುಟು ಅವರ ಕೆಲಸವನ್ನು ಆಫ್ರೋಫ್ಯೂಚರಿಸಂ, ಅಂದ್ರೆ ಕಪ್ಪು ಜನ ತಮ್ಮ ಭವಿಷ್ಯವನ್ನು ತಾವೇ ಕಲ್ಪಿಸಿಕೊಳ್ಳುವ ಕಲೆ, ಅಂತ ಕರೆಯುತ್ತಾರೆ. ಆ ಹೆಸರು ಬಂದದ್ದು 1993ರಲ್ಲಿ, ಮಾರ್ಕ್ ಡೆರಿ ಎಂಬ ಅಮೆರಿಕದ ವಿಮರ್ಶಕರ ಬರಹದಿಂದ. ಆದರೆ ಅದಕ್ಕೂ ಎಷ್ಟೋ ಮೊದಲೇ ಸನ್ ರಾ ಎಂಬ ಸಂಗೀತಗಾರ ತಾನು ಶನಿಗ್ರಹದವನು ಅಂತ ಹೇಳಿಕೊಂಡು ಬ್ಯಾಂಡ್ ನಡೆಸುತ್ತಿದ್ದ. ಗುಲಾಮಗಿರಿ ಯಾರ ಊರು, ಹೆಸರು, ವಂಶದ ನೆನಪನ್ನೆಲ್ಲ ಕಿತ್ತುಕೊಂಡಿತೋ, ಅವರು ಮುಂದಿನ ಕಾಲವನ್ನಾದರೂ ತಾವೇ ಬಿಡಿಸುತ್ತೇವೆ ಅನ್ನುವುದು ಸುಮ್ನೆ ಕಲ್ಪನೆಯ ಆಟ ಅಲ್ಲ. ಮುಟು ಅವರದ್ದು ರಾಕೆಟ್ಟುಗಳ ಭವಿಷ್ಯವೂ ಅಲ್ಲ. ಬೇರು, ಗರಿ, ಕೊಂಬು, ಯಂತ್ರ ಎಲ್ಲ ಒಂದೇ ಮೈಯಲ್ಲಿ ಬೆಳೆದಿರುತ್ತವೆ. ಈಚಿನ ಶಿಲ್ಪಗಳಲ್ಲಿ ನೈರೋಬಿಯ ಕೆಂಪು ಮಣ್ಣೇ ಇದೆ. ನನಗೆ ಕೊಲಾಜ್‌ಗಿಂತ ಅವೇ ಜಾಸ್ತಿ ಇಷ್ಟ.

ಇನ್ನೊಂದು ನೀನು ನೋಡಲೇಬೇಕು. ನ್ಯೂಯಾರ್ಕಿನ ದೊಡ್ಡ ಕಲಾ ಸಂಗ್ರಹಾಲಯವಾದ ಮೆಟ್ರೊಪಾಲಿಟನ್ ಅಥವಾ ಮೆಟ್ ಮ್ಯೂಸಿಯಂನ ಮುಂಗೋಡೆ 1902ರಲ್ಲಿ ಮುಗಿಯಿತು. ಶಿಲ್ಪ ನಿಲ್ಲಿಸಲೆಂದು ಮಾಡಿದ ಗೂಡುಗಳು ಮಾತ್ರ ನೂರು ವರ್ಷಕ್ಕೂ ಮೇಲೆ ಖಾಲಿ ಇದ್ದವು. 2019ರಲ್ಲಿ ಅಲ್ಲಿ ಮೊದಲು ಬಂದು ಕೂತದ್ದು ಮುಟು ಅವರ ನಾಲ್ವರು ಕಂಚಿನ ಹೆಂಗಸರು. ಮೈತುಂಬ ಸುರುಳಿ ಸುತ್ತಿದಂಥ ಉಡುಪು, ಮುಖದಲ್ಲೋ ತಲೆಯಲ್ಲೋ ಕನ್ನಡಿಯಂತೆ ಹೊಳೆಯುವ ತಟ್ಟೆ. ಹಳೇ ಶಿಲ್ಪಗಳಲ್ಲಿ, ಗ್ರೀಸಿನಲ್ಲೂ ಆಫ್ರಿಕಾದಲ್ಲೂ, ಹೆಂಗಸು ತಲೆ ಮೇಲೆ ಚಾವಣಿಯನ್ನೋ ರಾಜನ ಪೀಠವನ್ನೋ ಹೊತ್ತು ನಿಂತಿರುತ್ತಾಳೆ. ಇವರು ಏನನ್ನೂ ಹೊತ್ತಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾರೆ.

ಫೋಟೋ ಹುಡುಕಿ ನೋಡಿ, ನಿನಗೇನನ್ನಿಸಿತು ಅಂತ ಉದ್ದಕ್ಕೆ ಬರೆ. ಸುಮ್ನೆ ಎಮೋಜಿ ಕಳಿಸಬೇಡ.

ನಿನ್ನ ಅಮ್ಮ