ಸತ್ತ ಕುದುರೆಯೋ, ದಣಿದ ಕುದುರೆಯೋ?

ಚಿ. ವಿದ್ಯಾಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ಬೆಳಗಿನ ಬಸ್ಸಿಗಾಗಿ ಕೊಟ್ಟ ಅರ್ಜಿಗಳೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು, ಇನ್ನು ಓಡಾಡುವುದು ‘ಫ್ಲಾಗಿಂಗ್ ಎ ಡೆಡ್ ಹಾರ್ಸ್’ ಎಂದು ಬರೆದಿದ್ದೀಯ. ಸತ್ತ ಕುದುರೆಗೆ ಚಾಟಿ ಬೀಸಿದರೆ ಏಳುವುದಿಲ್ಲ, ನಿಜ. ಅದು ಸತ್ತಿದೆ ಎಂದು ಯಾರು ಹೇಳಿದರು?

ಈ ಮಾತು ಅಚ್ಚಾದ ಹಳೆಯ ಉದಾಹರಣೆಗಳಲ್ಲೊಂದು 1859ರದು. ಬ್ರಿಟನ್ನಿನಲ್ಲಿ ಆಗ ದುಡಿಯುವ ಗಂಡಸರಲ್ಲಿ ಬಹುಪಾಲು ಜನರಿಗೆ ಮತ ಹಾಕುವ ಹಕ್ಕಿರಲಿಲ್ಲ. ಅದಕ್ಕಾಗಿ ಬರ್ಮಿಂಗ್‌ಹ್ಯಾಮ್‌ನ ಸಂಸದ ಜಾನ್ ಬ್ರೈಟ್ ಆ ಚಳಿಗಾಲವೆಲ್ಲ ಊರೂರು ಸುತ್ತಿ ಭಾಷಣ ಮಾಡಿದರು. ಜನ ಕದಲಲಿಲ್ಲ. ‘ಇದು ಸತ್ತ ಕುದುರೆಗೆ ಹೊಡೆದ ಹಾಗೆ’ ಎಂದು ಬೇಸತ್ತು ಅವರು ಕೈಬಿಟ್ಟರಂತೆ ಎಂದು ಪತ್ರಿಕೆಯೊಂದು ಗಾಳಿಸುದ್ದಿ ಬರೆಯಿತು. ಬ್ರೈಟ್ ಕೈಬಿಟ್ಟಿರಲಿಲ್ಲ. 1866ರಲ್ಲಿ ಮತದ ಹಕ್ಕು ಹೆಚ್ಚಿಸುವ ಸುಧಾರಣೆಯ ಮಸೂದೆ ಬಿದ್ದುಹೋದಾಗ ಮತ್ತೆ ಹೊರಟರು. ಈ ಸಲ ಸಭೆಗಳಿಗೆ ಜನ ಕಿಕ್ಕಿರಿದು ಬಂದರು. ಮರುವರ್ಷ, 1867ರಲ್ಲಿ, ಬ್ರೈಟ್‌ಗೆ ಎದುರುಪಕ್ಷವಾದ ಕನ್ಸರ್ವೇಟಿವ್ ಪಕ್ಷದ ಸರ್ಕಾರವೇ (ಪ್ರಧಾನಿ ಡರ್ಬಿ, ಮಂತ್ರಿ ಡಿಸ್ರೇಲಿ) ಕಾನೂನು ತಂದಿತು. ಪಟ್ಟಣದ ಕಾರ್ಮಿಕರಲ್ಲಿ ಎಷ್ಟೋ ಜನರಿಗೆ ಮತ ಸಿಕ್ಕಿತು. ಹೆಂಗಸರಿಗೆ ಸಿಗಲಿಲ್ಲ, ಅದು ಬೇರೆಯೇ ದೊಡ್ಡ ಹೋರಾಟ, ಅದನ್ನೂ ನೀನು ಓದಬೇಕು.

ಇಂಗ್ಲಿಷ್ ನಾವಿಕರ ‘ಸತ್ತ ಕುದುರೆ’ ಇನ್ನೊಂದು ಬಗೆಯದು. ಹಡಗು ಹತ್ತುವ ಮೊದಲೇ ತಿಂಗಳ ಸಂಬಳ ಮುಂಗಡ ಪಡೆದು ಬಂದರಿನಲ್ಲೇ ಕಳೆದುಬಿಡುತ್ತಿದ್ದರು. ಆಮೇಲೆ ಮೊದಲ ತಿಂಗಳಿಡೀ ಬಿಟ್ಟಿ ದುಡಿದಂತೆ. ಆ ದುಡಿಮೆಯನ್ನೇ ‘ಸತ್ತ ಕುದುರೆ’ ಎನ್ನುತ್ತಿದ್ದರು. ಆ ತಿಂಗಳು ತೀರಿದ ದಿನ, ಹುಲ್ಲು ತುರುಕಿದ ಕ್ಯಾನ್ವಾಸ್ ಕುದುರೆಯನ್ನು ಹಗ್ಗದಿಂದ ಮೇಲಕ್ಕೆಳೆದು, ಹಾಡುತ್ತ ಸಮುದ್ರಕ್ಕೆ ಬೀಳಿಸುತ್ತಿದ್ದರು.

ನೀನೂ ಒಂದನ್ನು ಹಾಗೆ ನೀರಿಗೆ ಬಿಡಬೇಕು ಮಗಳೇ. ಮೊದಲ ಅರ್ಜಿ ಕಳೆದವರು ಯಾರು ಎಂದು ಆ ಗುಮಾಸ್ತರ ಜೊತೆ ನಡೆಸುತ್ತಿರುವ ಜಗಳ ಅದು. ಅದರಿಂದ ಬಸ್ಸು ಬರುವುದಿಲ್ಲ, ನಿನ್ನ ನಿದ್ದೆ ಹೋಗುತ್ತಿದೆ. ಬಸ್ಸಿನ ಬೇಡಿಕೆ ಮಾತ್ರ ಬಿಡಬೇಡ. ಈ ಸಲ ಒಬ್ಬಳೇ ಹೋಗಬೇಡ. ಕಾಲೇಜಿಗೆ ಹೋಗುವ ಮಕ್ಕಳೆಲ್ಲರ ಸಹಿ ಹಾಕಿಸು, ಹಾಲು ಹಾಕಲು ಹೋಗುವವರನ್ನೂ ಕೇಳು. ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಕಿನ ಸಮೇತ ಮೊಹರು ಹಾಕಿಸಿಕೊಂಡೇ ಬಾ. ಕರಡು ಕಳಿಸು, ನೋಡಿಕೊಡುತ್ತೇನೆ.

ಅಕ್ಕನಿಗೆ ನಮಸ್ಕಾರ ತಿಳಿಸು.

ಇಂತು ನಿನ್ನ ಮಾವ