ಲಾಲ್‌ಬಾಗ್ ಬಂಡೆಯ ವಯಸ್ಸು ಮಕ್ಕಳಿಗೆ ತಿಳಿಯಲಿ

ಮಾನ್ಯ ಸಂಪಾದಕರೇ,

ಲಾಲ್‌ಬಾಗ್‌ನ ಬಂಡೆಯನ್ನೇರಿ ಕೆಂಪೇಗೌಡ ಗೋಪುರ ನೋಡಿ ಇಳಿಯುವ ಬಹುಪಾಲು ಜನರಿಗೆ, ತಾವು ತುಳಿದ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸಾಗಿದೆಯೆಂಬುದು ತಿಳಿದಿರುವುದಿಲ್ಲ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿರುವ ಈ ಬಂಡೆಯನ್ನು ನಮ್ಮ ಶಾಲೆಗಳು ಪಾಠದ ಭಾಗವಾಗಿಸಿಕೊಳ್ಳಬೇಕು.

ಇಲ್ಲಿ ಪಳೆಯುಳಿಕೆ ಹುಡುಕಿದರೆ ಸಿಗುವುದಿಲ್ಲ. ಭೂಗರ್ಭದ ತೀವ್ರ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪಾಂತರಗೊಂಡ ಈ ನೈಸ್ ಶಿಲೆಯ ಕಪ್ಪು ಬಿಳಿ ಪಟ್ಟೆಗಳು ಸ್ತರಗಳಂತೆ ಕಂಡರೂ, ಅವು ನೀರಿನಡಿ ಹೂಳು ಕುಳಿತು ಆದವಲ್ಲ. ಇಂಥ ಕಲ್ಲಿನ ವಯಸ್ಸನ್ನು ಅದರೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟರಮಟ್ಟಿಗೆ ಸೀಸವಾಗಿ ಬದಲಾಗಿದೆ ಎಂದು ಅಳೆದು ನಿರ್ಧರಿಸುತ್ತಾರೆ.

ಪದರಶಿಲೆಗಳ ಕಥೆಯೇ ಬೇರೆ. ಭೂಚಲನೆಯಿಂದ ತಲೆಕೆಳಗಾಗದಿದ್ದರೆ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಆದ್ದರಿಂದ ಪಳೆಯುಳಿಕೆಗಳು ಯಾವ ಕ್ರಮದಲ್ಲಿ ಬರುತ್ತವೆಯೋ ಅದೇ ಜೀವಿಗಳು ಬಂದುಹೋದ ಕ್ರಮ. ಬಾಗಲಕೋಟೆ ಜಿಲ್ಲೆಯ ಕಲಾದಗಿ ಶಿಲಾಸಮೂಹದಲ್ಲಿ, ಪ್ರಾಣಿಗಳು ಹುಟ್ಟುವುದಕ್ಕೂ ಬಹಳ ಹಿಂದೆ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ. ನೆರೆಯ ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಅಳಿದುಹೋದ ಅಮೋನೈಟ್ ಎಂಬ ಕಡಲಜೀವಿಗಳ ಸುರುಳಿಚಿಪ್ಪುಗಳು ದೊರೆಯುತ್ತವೆ. ಇಂದಿನ ಒಣನೆಲ ಒಮ್ಮೆ ಕಡಲಾಗಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕೆ?

ಈ ಎರಡೂ ಕಡೆಯ ಕಲ್ಲಿನ ಮಾದರಿಗಳನ್ನು ಲಾಲ್‌ಬಾಗ್ ಬಂಡೆಯ ಸಮೀಪದಲ್ಲೇ ಸರಳ ಕನ್ನಡ ವಿವರಣೆಯೊಂದಿಗೆ ಪ್ರದರ್ಶಿಸಬೇಕೆಂದೂ, ಶಿಕ್ಷಣ ಇಲಾಖೆಯು ನಗರದ ಪ್ರೌಢಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಕರೆದೊಯ್ಯಲು ವ್ಯವಸ್ಥೆ ಮಾಡಬೇಕೆಂದೂ ಕಳಕಳಿಯಿಂದ ವಿನಂತಿಸುತ್ತೇನೆ.

ಇಂತಿ,
ಓದುಗ, ಬೆಂಗಳೂರು